ನೀರುಕಾಗೆ ರೆಕ್ಕೆ ಹರಡಿ ಕೂರುವುದೇಕೆ

ಭೂಮಿ ಆಗಿನ್ನೂ ಹೊಸದು, ಕಂದಾ. ಬೆಟ್ಟಗಳು ಹೊಸವು, ನದಿಗಳು ಹೊಸವು, ಮನುಷ್ಯರಂತೂ ನಿನ್ನೆ ಮೊನ್ನೆ ಬಂದವರು. ಆಗ ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ನದಿ ಮಾತಾಡುತ್ತಿತ್ತು, ಮೀನು ಮಾತಾಡುತ್ತಿತ್ತು, ಮರದ ಮೇಲಿನ ನೀರುಕಾಗೆಯೂ ಮಾತಾಡುತ್ತಿತ್ತು.

ಆಗಿನ ನೀರುಕಾಗೆಯ ಗರಿಗಳ ತುಂಬ ಎಣ್ಣೆ. ಮುಳುಗಿ ಎದ್ದರೆ ಕೆಸುವಿನ ಎಲೆಯಿಂದ ಜಾರಿದಂತೆ ನೀರು ಜಾರಿಹೋಗುತ್ತಿತ್ತು. ಮೀನು ಹಿಡಿದು ಪುರ್ರನೆ ಹಾರಿಬಿಡುತ್ತಿತ್ತು.

ಆದರೆ ಮನುಷ್ಯರಿಗೆ ಕತ್ತಲೆಯ ಕಾಟ. ಹೊತ್ತು ಮುಳುಗಿದರೆ ಮುಗಿಯಿತು. ಗಾಳಿಮಳೆಗೆ ದೊಂದಿಯೂ ನಿಲ್ಲುತ್ತಿರಲಿಲ್ಲ.

ಬೆಟ್ಟದ ಮೇಲಿನ ಊರಿನಲ್ಲಿ ಕೆಂಚವ್ವ ಎಂಬ ಸೂಲಗಿತ್ತಿ ಇದ್ದಳು. ಒಂದು ಮಳೆಗಾಲದ ಸಂಜೆ ಹೆರಿಗೆಯ ನಡುವೆ ದೊಂದಿ ಆರಿತು. ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡದ್ದು ಅವಳಿಗೆ ಕಾಣಲಿಲ್ಲ. ಮಗು ಉಳಿಯಲಿಲ್ಲ.

ಬೆಳಗಾದ ಮೇಲೆ ಕೆಂಚವ್ವ ನದಿಯ ದಡದಲ್ಲಿ ಕೂತು ಅತ್ತಳು.

"ಯಾಕವ್ವಾ ಅಳುತ್ತೀ?" ನದಿ ಕೇಳಿತು.

"ಬೆಳಕಿದ್ದಿದ್ದರೆ ಆ ಕೂಸು ಬದುಕುತ್ತಿತ್ತು ತಾಯೀ."

ನದಿ ಅವಳ ಪಾದದ ಹತ್ತಿರಕ್ಕೆ ಸರಿಯಿತು. ಆಮೇಲೆ ಹೇಳಿತು: "ನನ್ನ ಹೊಟ್ಟೆಯಲ್ಲಿ ಮಿಂಚು ಮಲಗಿದೆ. ನಾನು ಎತ್ತರದಿಂದ ಧುಮುಕಿ ದೊಡ್ಡ ಚಕ್ರ ತಿರುಗಿಸಿದರೆ ಅದು ಎಚ್ಚರಾಗುತ್ತದೆ. ಗೋಡೆ ಕಟ್ಟಿ ನನ್ನನ್ನು ನಿಲ್ಲಿಸು. ಆದರೆ ತಿಳಿದಿರು, ನಿಂತರೆ ನಾನು ಹರಡುತ್ತೇನೆ. ಹರಡಿದರೆ ಮುಳುಗಿಸುತ್ತೇನೆ."

ಮುಳುಗುವ ಕಣಿವೆಯಲ್ಲಿ ಇನ್ನೊಂದು ಊರಿತ್ತು. ಅಲ್ಲಿಗೆ ಹಿರಿಯ ಬೂದಜ್ಜ. ಕೆಂಚವ್ವ ಅವನ ಜಗಲಿಗೆ ಹೋಗಿ ಎಲ್ಲವನ್ನೂ ಮುಚ್ಚಿಡದೆ ಹೇಳಿದಳು.

ಅಜ್ಜನ ಕೈಯಲ್ಲಿದ್ದ ಬುಟ್ಟಿ ಕೆಳಗೆ ಬಿತ್ತು. "ನೀ ಕೇಳ್ತಿರೋದು ನನ್ನ ಊರನ್ನ, ಮಗಳೇ. ನನ್ನ ಹೆಂಡತಿಯನ್ನ ಮಣ್ಣು ಮಾಡಿದ್ದು ಆ ಹುಣಸೆ ಮರದ ಕೆಳಗೆ. ಅವಳನ್ನೂ ಹೊತ್ತುಕೊಂಡು ಹೋಗಲಾ?"

ಕೆಂಚವ್ವ ಬಿದ್ದ ಬುಟ್ಟಿಯನ್ನು ಎತ್ತಿಟ್ಟಳು. ಅವನ ಪಕ್ಕದಲ್ಲೇ ಕೂತಳು. ಬಿಸಿಲು ಜಗಲಿ ಬಿಟ್ಟು ಅಂಗಳಕ್ಕೆ ಇಳಿಯಿತು. ಕೊನೆಗೆ ಅಜ್ಜನೇ ಕೇಳಿದ: "ಮೊದಲ ದೀಪ ಯಾರ ಮನೆಯಲ್ಲಿ?"

"ಊರು ಬಿಟ್ಟು ಬಂದವರ ಮನೆಯಲ್ಲಿ. ಅಲ್ಲಿ ಹತ್ತದೆ ನಮ್ಮೂರಲ್ಲಿ ಹತ್ತುವುದಿಲ್ಲ. ನಮ್ಮ ಬೆಟ್ಟದ ಒಳ್ಳೆಯ ಹೊಲಗಳೆಲ್ಲ ನಿಮಗೆ."

"ಹಾಗಾದರೆ ಕಟ್ಟು," ಎಂದ ಬೂದಜ್ಜ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮೀನುಗಳೂ ಬಂದವು. "ಮೊಟ್ಟೆಯಿಡಲು ನಾವು ಮೇಲಕ್ಕೆ ಹೋಗುವುದು ಹೇಗೆ?" ಜನ ಗೋಡೆಯ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರಿನ ಗುಂಡಿಗಳನ್ನು ಮಾಡಿಕೊಟ್ಟರು. ಕೆಲವು ಮೀನು ಹತ್ತಿದವು. ಕೆಲವಕ್ಕೆ ಆಗಲಿಲ್ಲ, ಅವು ಕೆಳಗೇ ಉಳಿದವು.

ಎರಡೂ ಊರಿನವರು ಸೇರಿ ಕಲ್ಲು ಹೊತ್ತರು. ಆನೆಗಳು ಬಂಡೆ ಉರುಳಿಸಿದವು. ಗೋಡೆ ಎದ್ದಿತು, ಅದರ ಬುಡದಲ್ಲಿ ದೊಡ್ಡ ಚಕ್ರ ಕೂತಿತು, ನೀರು ನಿಂತಿತು. ಬೂದಜ್ಜನ ಜಗಲಿ ಮುಳುಗಿತು, ಹುಣಸೆ ಮರ ಮುಳುಗಿತು. ನೀರುಕಾಗೆಯ ಗೂಡಿದ್ದ ಮತ್ತಿ ಮರವೂ ನೀರೊಳಗೆ ನಿಂತು ಒಣಗಿತು, ತುದಿಯ ಕೊಂಬೆಯೊಂದು ಮಾತ್ರ ಮೇಲೆ ಉಳಿಯಿತು.

ಗೋಡೆಯ ಬಾಗಿಲು ತೆಗೆಯುವ ದಿನ ಬಂತು. ನದಿ ಧುಮುಕಿತು. ಕೆಳಗಿದ್ದ ಚಕ್ರ ಒಂದು ಸುತ್ತು ತಿರುಗಿತು, ಕಿರ್ರೆಂದು ಕಿರುಚಿತು, ಹೊಗೆಯಾಡಿ ನಿಂತುಬಿಟ್ಟಿತು!

"ಹೊಂಗೆ ಎಣ್ಣೆ ಹಾಕಿ!" ಹಾಕಿದರು. ನೀರು ತೊಳೆದುಕೊಂಡು ಹೋಯಿತು. "ಹರಳೆಣ್ಣೆ ಹಾಕಿ!" ಅದನ್ನೂ ತೊಳೆದುಕೊಂಡು ಹೋಯಿತು.

ನಿಂತ ಚಕ್ರ ದಾರಿಗೆ ಅಡ್ಡವಾಗಿ, ಹೊರಗೆ ಹೋಗಲಾಗದೆ ನೀರು ಗೋಡೆಯನ್ನು ಒತ್ತತೊಡಗಿತು. ಕಲ್ಲುಗಳು ನಡುಗಿದವು. "ನನ್ನನ್ನು ಹಿಡಿದಿಡಲು ನನ್ನಿಂದಲೇ ಆಗುತ್ತಿಲ್ಲ. ಬೇಗ ಏನಾದರೂ ಮಾಡಿ!" ನದಿ ಕೂಗಿತು.

ನೀರು ತೊಳೆಯಲಾರದ ಎಣ್ಣೆ ಲೋಕದಲ್ಲಿ ಇದ್ದದ್ದು ಒಂದೇ. ಎಲ್ಲರ ಕಣ್ಣೂ ಮತ್ತಿ ಮರದ ತುದಿಗೆ ಹೋಯಿತು.

"ನನ್ನ ಮರ ಮುಳುಗಿಸಿದಿರಿ," ಎಂದಿತು ನೀರುಕಾಗೆ. "ಈಗ ನನ್ನ ಎಣ್ಣೆಯೂ ಬೇಕೇ?"

ಕೆಂಚವ್ವ ತಲೆ ತಗ್ಗಿಸಿದಳು. ಆಗ ಬೂದಜ್ಜ ಕೋಲೂರಿಕೊಂಡು ನೀರಿನಂಚಿಗೆ ಬಂದ.

"ನಾ ಕೇಳ್ತೀನಿ ಕಣಪ್ಪಾ. ನನ್ನ ಮನೆಯೂ ಅಲ್ಲೇ ಕೆಳಗಿದೆ. ಸಿಟ್ಟು ನನಗೂ ಹೋಗಿಲ್ಲ. ಆದರೆ ಈಗ ಗೋಡೆ ಒಡೆದರೆ ನಾವಿಬ್ಬರೂ ಕಳೆದುಕೊಂಡದ್ದು ಸುಮ್ಮಸುಮ್ಮನೆ ಹೋಗುತ್ತೆ. ಹಾಗಾಗೋಕೆ ಬಿಡಬೇಡ."

ನೀರುಕಾಗೆ ಅವನನ್ನೇ ದಿಟ್ಟಿಸಿತು. ಮರುಗಳಿಗೆ ಕರಿಬಾಣದಂತೆ ಚಕ್ರದತ್ತ ಎರಗಿತು! ಭೋರ್ಗರೆವ ನೀರಿನೊಳಗೆ ನುಗ್ಗಿ, ಚಕ್ರದ ಅಚ್ಚಿಗೆ ಮೈಯೊತ್ತಿ ಉಜ್ಜಿತು. ಎಡರೆಕ್ಕೆ ಉಜ್ಜಿತು, ಬಲರೆಕ್ಕೆ ಉಜ್ಜಿತು, ಎದೆಯ ಗರಿಗಳನ್ನೂ ಉಜ್ಜಿತು.

ಚಕ್ರ ಅಲುಗಿತು. ಚಕ್ರ ಹೊರಳಿತು. ಚಕ್ರ ಗಿರಗಿರನೆ ತಿರುಗಿತು!

ನದಿಯ ಹೊಟ್ಟೆಯಲ್ಲಿ ಮಲಗಿದ್ದ ಮಿಂಚು ಎದ್ದು ಓಡಿತು. ಬೂದಜ್ಜನ ಹೊಸ ಮನೆಯಲ್ಲಿ ದೀಪ! ಪಕ್ಕದ ಮನೆಯಲ್ಲಿ ದೀಪ! ಅದರಾಚೆಯ ಮನೆಯಲ್ಲಿ ದೀಪ! ಆಮೇಲೆ ಕೆಂಚವ್ವನ ಊರು, ಅದರಾಚೆಯ ಊರು, ಬೆಟ್ಟದಿಂದ ಬೆಟ್ಟಕ್ಕೆ ಬೆಳಕು ಹಾರಿತು. ಡೋಲು ಬಡಿದರು, ಆನೆಗಳು ಘೀಳಿಟ್ಟವು. ಅದೇ ಸಂಜೆ ಬೂದಜ್ಜನ ಮೊಮ್ಮಗಳಿಗೆ ಹೆರಿಗೆಯಾಯಿತು. ಕೆಂಚವ್ವ ಬಳ್ಳಿಯನ್ನು ಕಣ್ಣಾರೆ ನೋಡಿ ಬಿಡಿಸಿದಳು, ಕೂಸು ಊರೆಲ್ಲ ಕೇಳುವಂತೆ ಅತ್ತಿತು.

ಬೆಳಿಗ್ಗೆ ನೋಡಿದರೆ ನೀರುಕಾಗೆ ಮತ್ತಿ ಮರದ ತುದಿಗೆ ಹೇಗೋ ಹತ್ತಿ ಕೂತಿತ್ತು. ರೆಕ್ಕೆಗಳು ನೆನೆದು ಜೋತುಬಿದ್ದಿದ್ದವು. ಎಣ್ಣೆ ಅಷ್ಟೂ ಚಕ್ರಕ್ಕೆ ಹೋಗಿತ್ತು. ಹಾರಲಾಗದು.

ಬೂದಜ್ಜ ಕಣ್ಣೊರೆಸಿಕೊಂಡ. ಆಗಷ್ಟೇ ಹುಟ್ಟುತ್ತಿದ್ದ ಸೂರ್ಯ ಅದನ್ನು ಕಂಡ. "ಲೋಕಕ್ಕೆ ಬೆಳಕು ಕೊಟ್ಟವನೇ, ತಲೆ ಎತ್ತು," ಎಂದ. "ರೆಕ್ಕೆ ಹರಡು. ನೀನು ಎಷ್ಟು ಸಲ ನೆನೆದರೂ ಅಷ್ಟೂ ಸಲ ನಾನೇ ಒಣಗಿಸುತ್ತೇನೆ." ನದಿಯೂ ಹೇಳಿತು: "ನಿನ್ನ ಮರ ನಾನು ತೆಗೆದುಕೊಂಡೆ. ಈ ನಿಂತ ನೀರಿನ ಮೀನು ಇನ್ನು ನಿನ್ನದು."

ನೀರುಕಾಗೆ ಎದೆಯುಬ್ಬಿಸಿ ಎರಡೂ ರೆಕ್ಕೆಗಳನ್ನು ಅಗಲಕ್ಕೆ ಚಾಚಿತು. ದಡದ ತುಂಬ ನಿಂತಿದ್ದ ಜನ ಹೋ ಎಂದು ಕೂಗಿದರು.

ಅದಕ್ಕೇ ಕಂದಾ, ಇಂದಿಗೂ ಯಾವ ಅಣೆಕಟ್ಟಿಗೆ ಹೋದರೂ ಹಿನ್ನೀರಿನ ನಡುವೆ ಒಣಮರಗಳು ನಿಂತಿರುತ್ತವೆ, ಅವುಗಳ ತುದಿಯಲ್ಲಿ ಈಜಿ ದಣಿದ ನೀರುಕಾಗೆಗಳು ಬಿಸಿಲಿಗೆ ರೆಕ್ಕೆ ಹರಡಿಕೊಂಡು, ಗೆದ್ದವರ ಹಾಗೆ ಕೂತಿರುತ್ತವೆ.