ಗೋಲಿನಲ್ಲಿ ಮಲಗಿದ ಕರಡಿ

ಮಂಜುಗಡ್ಡೆಯ ಮೇಲೆ ಜಾರುತ್ತ ಹಾಕಿ ಆಡುವ ತೋಳಗಳ ತಂಡಕ್ಕೆ ಒಂದು ದಪ್ಪ ಕರಡಿ ಸಂಬಳದ ಗೋಲ್‌ಕೀಪರಾಗಿ ಸೇರಿತು. ಪಂದ್ಯಗಳು ಶುರುವಾಗುವುದೇ ಚಳಿಗಾಲದಲ್ಲಿ. ಚಳಿಗಾಲ ಪೂರ್ತಿ ಮಲಗುವುದು ಕರಡಿಯ ಜಾತಿಗುಣ. ಮೊದಲ ದಿನವೇ ಅದು ಗೋಲಿಗೆ ಅಡ್ಡಬಿದ್ದು ಗೊರಕೆ ಹೊಡೆಯಿತು. ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ ಎದುರಾಳಿಗಳು ಹೊಡೆದಾಗಲೆಲ್ಲ ಅದರ ಹೊಟ್ಟೆಗೆ ಬಡಿದು ವಾಪಸ್ಸು ಬಂತು. ಹೀಗೆ ತಂಡ ಒಂದೂ ಪಂದ್ಯ ಸೋಲದೆ ಫೈನಲ್ ಸೇರಿತು. "ಇದನ್ನು ಸೋತಿರೋ, ತಂಡವನ್ನೇ ಮುಚ್ಚಿಬಿಡ್ತೀನಿ," ಎಂದು ಮಾಲೀಕ ಹುಲಿ ಗುಡುಗಿತ್ತು.

ಫೈನಲ್ ದಿನ ಅಭಿಮಾನಿ ಮೊಲಗಳು ತಮಟೆ ಬಡಿದು ಕರಡಿಗೆ ಹಾರ ಹಾಕಿದವು. ಕರಡಿ ಕಣ್ಣುಬಿಟ್ಟಿತು.

"ಏನ್ರೋ ಇದು ಗಲಾಟೆ?"

"ಈ ಸಲದ ಮಹಾ ಗೋಲ್‌ಕೀಪರ್ ನೀವೇ ಸ್ವಾಮಿ! ಒಂದು ಗೋಲೂ ಬಿಟ್ಟಿಲ್ಲ!"

"ಹೌದಾ? ಹಾಗಾದರೆ ಇವತ್ತು ನೋಡಿ ನನ್ನ ಆಟ!"

ಕರಡಿ ಎದ್ದು ಎಡಕ್ಕೆ ಹಾರಿತು, ಬಿಲ್ಲೆ ಬಲಕ್ಕೆ ಹೋಯಿತು. ಬಲಕ್ಕೆ ಹಾರಿತು, ಬಿಲ್ಲೆ ಎಡಕ್ಕೆ ಹೋಯಿತು. ಎರಡೂ ಗೋಲು. ನಾಯಕ ತೋಳ ಜಾರುತ್ತ ಬಂದು ಕಾಲು ಹಿಡಿಯಿತು.

"ಅಣ್ಣಾ, ನಿನ್ನ ದಮ್ಮಯ್ಯ, ಮಲಗಿಬಿಡು! ಬೇಕಾದರೆ ಜೋಗುಳ ಹಾಡ್ತೀವಿ."

"ಇಷ್ಟು ಹೊಗಳಿಸಿಕೊಂಡ ಮೇಲೆ ನಿದ್ದೆ ಎಲ್ಲಿ ಬರುತ್ತಯ್ಯಾ?" ಎಂದಿತು ಕರಡಿ. ಆ ಮಾತು ಮುಗಿಯುವಷ್ಟರಲ್ಲಿ ಬಿಲ್ಲೆ ಅದರ ಕಾಲ ಸಂದಿಯಲ್ಲಿ ನುಸುಳಿತು, ಪಂದ್ಯ ಸೋತು ತಂಡವೂ ಮುಗಿಯಿತು.