ನೀರಿನಲ್ಲಿ ನಿಂತು ಕೇಳುವ ಹೆಸರು

"ಗುರುಗಳೇ, ಹೊಳೆ ಉಳಿಯಬೇಕಾದರೆ ಜನರನ್ನು ಅದರ ಹತ್ತಿರ ಬಿಡಬಾರದಲ್ಲವೇ?" ಎಂದು ಮರುಳಯ್ಯ ಕೇಳಿದ.

ಮಠದ ಹಿಂದೆ ಪೇಟೆಯ ಹೊಳೆ ಹರಿಯುತ್ತಿತ್ತು. ಸಂಜೆಯಾದರೆ ಜನ ಅಲ್ಲಿಗೆ ಬಂದು ಕಾಲು ಇಳಿಬಿಟ್ಟು ಕೂರುತ್ತಿದ್ದರು. ಮಂಡಕ್ಕಿ ತಿಂದವರು ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಆ ಪೊಟ್ಟಣಗಳನ್ನು ಹೆಕ್ಕಿ ಹೆಕ್ಕಿ ಮರುಳಯ್ಯನಿಗೆ ಸಾಕಾಗಿತ್ತು. ಮುಳ್ಳುತಂತಿಯ ಎರಡು ಸುರುಳಿ ತರಿಸಿ ಜಗಲಿಯ ಮೇಲೆ ಇಟ್ಟಿದ್ದ. ಗುರುಗಳು ಹೂಂ ಅಂದರೆ ಮರುದಿನ ಬೆಳಿಗ್ಗೆ ಬೇಲಿ ಏಳುತ್ತಿತ್ತು.

ಗುರುಗಳು ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಮುಳ್ಳು ಚೂಪಾಗಿದೆ. ಚೆನ್ನಾಗಿ ಆರಿಸಿದ್ದೀಯ" ಎಂದರು. ಮರುಳಯ್ಯ ಹಿಗ್ಗಿದ. "ಕೂತುಕೋ. ಬೇಲಿ ಹಾಕಿಕೊಂಡ ಒಂದು ಪೇಟೆಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಅವರು ಹೇಳಿದ ಕತೆ ಇದು.

ಒಂದು ಪೇಟೆ ಇತ್ತು. ಅದರ ನಡುವೆ ಹೊಳೆ ಇತ್ತು. ಅಲ್ಲಿ ಮಗುವಿಗೆ ಹೆಸರಿಡುವುದಕ್ಕೆ ಒಂದು ಪದ್ಧತಿ ಇತ್ತು. ತಾಯಿ ಮಗುವನ್ನು ಎತ್ತಿಕೊಂಡು ಮೊಳಕಾಲುದ್ದ ನೀರಿಗೆ ಇಳಿಯಬೇಕು. ಮಗುವನ್ನು ಮೂರು ಸಲ ಹೊಳೆಯಲ್ಲಿ ಅದ್ದಬೇಕು. ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಬೇಕು. ಆಮೇಲೆ ತಾಯಿ ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಕೇಳುವವರೂ ನೀರಿನಲ್ಲೇ ನಿಂತಿರಬೇಕು. ದಡದಲ್ಲಿ ನಿಂತವರಿಗೆ ಹೆಸರು ಹೇಳುವಂತಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡ. ಪದ್ಧತಿ ಮಾಡಿದವರು ಕಾರಣ ಬರೆದಿಟ್ಟು ಹೋಗುವುದಿಲ್ಲ.

ಪೇಟೆ ಬೆಳೆಯಿತು. ಮನೆಗಳು ಬೀದಿಗೆ ಮುಖ ಮಾಡಿದವು, ಹೊಳೆಗೆ ಹಿತ್ತಿಲಾದವು. ಅಂಗಡಿಯ ಕಸ, ಮದುವೆಯ ಎಂಜಲೆಲೆ, ನೂಲಿಗೆ ಬಣ್ಣ ಹಾಕುವವರ ತೊಟ್ಟಿಯ ನೀರು, ಎಲ್ಲವೂ ಹಿತ್ತಿಲ ಬಾಗಿಲಿನಿಂದ ಹೊಳೆಗೆ ಹೋದವು. ನೀರು ನಾರತೊಡಗಿದಾಗ ಹಿರಿಯರು ಸಭೆ ಸೇರಿದರು. ಅವರೂ ನಿನ್ನಂತೆಯೇ ಯೋಚಿಸಿದರು. ಮುಳ್ಳುತಂತಿಯ ಬೇಲಿ ಹಾಕಿದರು. ಬಾಗಿಲು ಇಟ್ಟರು. ಬೀಗ ಜಡಿದು ಬೀಗದ ಕೈಯನ್ನು ಪೇಟೆಯ ಯಜಮಾನನ ಮನೆಯಲ್ಲಿ ಇಟ್ಟರು.

ಮೊದಲು ಜನ ಹೊಳೆಯ ಹತ್ತಿರ ಹೋಗಿ ಕಸ ಸುರಿಯುತ್ತಿದ್ದರು. ಬೇಲಿ ಬಂದ ಮೇಲೆ ದೂರದಿಂದ ಬೀಸಿ ಎಸೆಯುವುದನ್ನು ಕಲಿತರು. ಮೊದಲು ಎಸೆದವನಿಗೆ ಅದು ಎಲ್ಲಿ ಬಿತ್ತು ಎಂದಾದರೂ ಕಾಣುತ್ತಿತ್ತು. ಈಗ ಆ ಕಷ್ಟವೂ ತಪ್ಪಿತು.

ಹೆಸರಿಡುವುದನ್ನು ಬಿಡಲಾಗುತ್ತದೆಯೇ? ಅದಕ್ಕೂ ಒಂದು ದಾರಿ ಕಂಡುಕೊಂಡರು. ಅಂಗಳಕ್ಕೆ ನಾಲ್ಕು ಚೊಂಬು ಬಾವಿಯ ನೀರು ಚೆಲ್ಲುವುದು, ಅದರ ಮೇಲೆ ನಿಲ್ಲುವುದು, ಹೊಳೆಯಲ್ಲಿ ನಿಂತೆವು ಎಂದುಕೊಳ್ಳುವುದು. ಬಂದ ಹೆಂಗಸರು ನೆನೆಯಬಾರದೆಂದು ಸೀರೆಯ ಅಂಚನ್ನು ಎತ್ತಿ ಹಿಡಿದುಕೊಳ್ಳುತ್ತಿದ್ದರು. ಯಾರಿಗೂ ನಗು ಬರುತ್ತಿರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ಹೀಗೆ ಅಂಗಳದಲ್ಲೇ ಹೆಸರು ಪಡೆದವರು.

ಆ ಪೇಟೆಯಲ್ಲಿ ಬುಟ್ಟಿ ಹೆಣೆಯುವ ಒಬ್ಬಳಿದ್ದಳು. ಅವಳಿಗೆ ಹೆಣ್ಣುಮಗು ಹುಟ್ಟಿತು. ಹೆಸರಿಡುವ ದಿನ ಅಂಗಳಕ್ಕೆ ನೀರು ಚೆಲ್ಲಿದ್ದರು, ನೆಂಟರು ನಿಂತಿದ್ದರು, ಯಜಮಾನನೂ ಬಂದಿದ್ದ. ಅವಳು ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಎಲ್ಲರ ಕಾಲುಗಳನ್ನು ನೋಡಿದಳು. ತನ್ನ ಕಾಲನ್ನೂ ನೋಡಿದಳು.

"ಇದರಲ್ಲಿ ನನ್ನ ಹಿಮ್ಮಡಿಯೂ ಮುಳುಗಲ್ಲ" ಎಂದಳು.

"ಹೊಳೆ ಅಂತ ಅಂದ್ಕೊಂಡ್ರೆ ಆಯ್ತಮ್ಮ. ಎಲ್ಲರೂ ಹಂಗೇ ಮಾಡ್ತಿರೋದು" ಎಂದ ಯಜಮಾನ.

"ಹಂಗಾದ್ರೆ ಹೆಸರು ಕೇಳಿದ್ವಿ ಅಂತಾನೂ ಅಂದ್ಕೊಂಡ್ಬಿಡಿ ಯಜಮಾನ್ರೇ. ಹೆಸರು ನನ್ನ ಮನಸ್ಸಲ್ಲಿದೆ. ಹೊಳೇಲಿ ನಿಂತ ದಿನ ಹೇಳ್ತೀನಿ."

ಇಷ್ಟು ಹೇಳಿ ಮಗುವಿನೊಂದಿಗೆ ಒಳಗೆ ಹೋದಳು. ಬಂದವರು ಹೆಸರಿಲ್ಲದ ಮಗುವಿನ ಪಾಯಸ ಉಂಡು ಎದ್ದರು. ಅವಳು ಇದನ್ನೆಲ್ಲ ಮೊದಲೇ ಯೋಚಿಸಿ ಇಟ್ಟುಕೊಂಡವಳಲ್ಲ. ಹಟದಲ್ಲಿ ಬಂದ ಮಾತು. ಒಳಗೆ ಹೋಗಿ ತಾನೇ ಅತ್ತಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಅವಳು ಬೀಗದ ಕೈ ಕೇಳಲು ಹೋದಳು. ಯಜಮಾನ ಮನೆಯೆಲ್ಲ ಹುಡುಕಿದ. ಸಿಗಲಿಲ್ಲ. ಬೇಲಿಯಲ್ಲಿ ನಾಯಿಗಳು ಮಾಡಿಕೊಂಡಿದ್ದ ಒಂದು ಕಂಡಿ ಇತ್ತು. ಅವಳು ಅದರಲ್ಲೇ ನುಸುಳಿ, ಹೊಳೆಗೆ ಇಳಿಯುವ ಹಳೆಯ ಮೆಟ್ಟಿಲುಗಳಲ್ಲಿ ಮೇಲಿನದನ್ನು ಗುಡಿಸಿ, ಮಗುವನ್ನು ಒಂದು ಬುಟ್ಟಿಯಲ್ಲಿ ಮಲಗಿಸಿ, ಬಿದಿರಿನ ಸೀಳು ಬಿಡಿಸಿಕೊಂಡು ಕೂತಳು. ಕೆಟ್ಟ ವಾಸನೆ. ಮೂಗಿಗೆ ಸೆರಗು ಕಟ್ಟಿಕೊಂಡು ಹೆಣೆದಳು.

ಆ ಪೇಟೆಯ ಜನ ವಾಸನೆ ತಡೆದುಕೊಳ್ಳುತ್ತಿದ್ದರು, ಸೊಳ್ಳೆ ತಡೆದುಕೊಳ್ಳುತ್ತಿದ್ದರು. ಕುತೂಹಲವನ್ನು ಮಾತ್ರ ತಡೆದುಕೊಳ್ಳಲಾರರು. ಮಗುವಿನ ಹೆಸರೇನಿರಬಹುದು ಎಂದು ಕಟ್ಟೆಕಟ್ಟೆಯಲ್ಲೂ ಮಾತಾಯಿತು. ಮೊದಲು ಬಂದವನು ಒಬ್ಬ ಕಮ್ಮಾರ ಮುದುಕ. ಕುಲುಮೆ ಮಗನಿಗೆ ಬಿಟ್ಟು ಮನೆಯಲ್ಲಿ ಸುಮ್ಮನೆ ಕೂತಿದ್ದವನು. ಕಂಡಿಯಲ್ಲಿ ತೂರಿ ಬಂದು, "ಗೌರೀನಾ?" ಎಂದ. ಅವಳು ತಲೆಯಾಡಿಸಿದಳು. "ಕಾಳವ್ವನಾ?" ಅಲ್ಲ. ಹತ್ತು ಹೆಸರು ಕೇಳಿದ. ಅವಳಿಗೆ ಸೀಳು ತಪ್ಪಿ ಬುಟ್ಟಿ ಸೊಟ್ಟವಾಯಿತು. ಅವಳು ರೇಗಿ, "ದಿನಕ್ಕೆ ಒಬ್ಬರಿಗೆ ಒಂದೇ ಹೆಸರು ಕಣಜ್ಜಾ" ಎಂದಳು.

ನೋಡು ಮರುಳಯ್ಯ, ನೀನು ಬೇಲಿ ಹಾಕಿ ಜನರನ್ನು ತಡೆಯುತ್ತೀಯ. ಅವಳು ತನ್ನ ಬುಟ್ಟಿ ಕೆಡದಿರಲಿ ಎಂದು ಒಂದು ನಿಯಮ ಮಾಡಿದಳು. ಆ ನಿಯಮದಿಂದ ಜನ ಮರುದಿನವೂ ಬರಬೇಕಾಯಿತು.

ಮುದುಕ ಮರುದಿನ ಬಂದ. ಮತ್ತೆ ಇಬ್ಬರು ಬಂದರು. ಹೆಸರು ಯೋಚಿಸಲು ಕೂರಬೇಕು, ಕೂರಲು ಜಾಗ ಬೇಕು. ಪ್ರತಿಯೊಬ್ಬರೂ ತಾವು ಕೂರುವ ಮೆಟ್ಟಿಲನ್ನು ಮಾತ್ರ ಗುಡಿಸಿದರು. ಹೊಳೆಯನ್ನು ಉಳಿಸಬೇಕೆಂದು ಒಬ್ಬನೂ ಹೇಳಲಿಲ್ಲ. ಗುಡಿಸಿದ ಜಾಗದಲ್ಲಿ ಮುದುಕ ಚೌಕಾಬಾರ ಆಟದ ಮನೆ ಗೀಚಿದ. ಯಾರೋ ಹುರಿಗಾಳು ತಂದರು. ಸಿಪ್ಪೆಯನ್ನು ಎಲ್ಲಿ ಎಸೆಯುವುದು? ಕೆಳಗೆ ಇನ್ನೊಬ್ಬ ಕೂತಿದ್ದಾನೆ, ಬೈಯುತ್ತಾನೆ. ಮಡಿಲಲ್ಲಿ ಕಟ್ಟಿಕೊಂಡು ಹೋದರು. ಬೇಲಿಯಾಚೆಯಿಂದ ಬೀಸಿ ಎಸೆದ ಕಸವೂ ಈಗ ಯಾರದೋ ತಲೆಯ ಮೇಲೆ ಬೀಳುತ್ತಿತ್ತು, ಬೈಗುಳ ತಿಂದು ತಿಂದು ಎಸೆಯುವುದೂ ನಿಂತಿತು.

ಜನ ಹೆಚ್ಚಿದಂತೆ ಕೆಳಗಿನ ಮೆಟ್ಟಿಲುಗಳು ಬೇಕಾದವು. ಅವು ಹೂಳಿನಲ್ಲಿ ಹೂತಿದ್ದವು. ಮೆಟ್ಟಿಲು ಒಂಬತ್ತು ಎಂದು ಯಜಮಾನ ಸಾಧಿಸಿದ, ಹನ್ನೆರಡು ಎಂದು ಮುದುಕ ಸಾಧಿಸಿದ. ಹೆಸರಿನ ಜತೆಗೆ ಈಗ ಇದೂ ಒಂದು ಕುತೂಹಲವಾಯಿತು. ಸಲಿಕೆ ತಂದು ಅಗೆದರು. ಅವಳು ಹೆಣೆದ ಬುಟ್ಟಿಗಳಲ್ಲೇ ಹೂಳು ಹೊತ್ತರು. ಮೆಟ್ಟಿಲು ಹತ್ತೊಂಬತ್ತು ಇದ್ದವು. ಇಬ್ಬರೂ ಸೋತರು. ಅಂದು ಪೇಟೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಎಣಿಸಿ ಹೋದರು. ಆದರೆ ಕೊನೆಯ ಮೆಟ್ಟಿಲಿನ ಕೆಳಗೆ ನೀರು ಒಂದು ದಿನ ಕೆಂಪು, ಒಂದು ದಿನ ನೀಲಿ. ಅದರೊಳಗೆ ಕಾಲಿಡಲು ಯಾರಿಗೂ ಧೈರ್ಯವಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಹೆಸರು ಕೇಳಿದವನು ಒಬ್ಬ ಬಣ್ಣಗಾರ. ನೂಲಿಗೆ ಬಣ್ಣ ಹಾಕುವ ಐದು ಮನೆಗಳಲ್ಲಿ ಅವನದೇ ದೊಡ್ಡದು. ಒಂದು ದಿನವೂ ತಪ್ಪಿಸದೆ ಇನ್ನೂರು ಹೆಸರು ಕೇಳಿದ. ಕೊನೆಗೆ, "ನನಗೊಬ್ಬನಿಗಾದ್ರೂ ಹೇಳ್ಬಿಡವ್ವ, ತಲೆ ಕೆಟ್ಟು ಹೋಗಿದೆ" ಎಂದ.

"ಈಗಲೇ ಹೇಳ್ತೀನಣ್ಣ. ಇಳಿದು ನಿಮ್ಮ ಮೋರಿ ಬಾಯಿ ಹತ್ರ ನೀರಲ್ಲಿ ನಿಂತ್ಕೊಳ್ಳಿ" ಎಂದಳು.

ಅವನು ಹದಿನೆಂಟು ಮೆಟ್ಟಿಲು ಇಳಿದ. ಹತ್ತೊಂಬತ್ತನೆಯದರಲ್ಲಿ ನಿಂತ. ತನ್ನ ತೊಟ್ಟಿಯಿಂದ ಬಂದ ನೀರನ್ನು ನೋಡಿದ. ಅದರಲ್ಲಿ ಏನೇನು ಬೆರೆತಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೆಟ್ಟಿಲು ಹತ್ತಿ ಮನೆಗೆ ಹೋದ. ಹಿತ್ತಿಲಲ್ಲಿ ಗುಂಡಿ ತೋಡಿಸಿ ಮೋರಿಯನ್ನು ಆ ಕಡೆಗೆ ತಿರುಗಿಸಿದ. ಆಮೇಲೆ ಉಳಿದ ನಾಲ್ಕು ಮನೆಗಳಿಗೂ ಹೋಗಿ ಕೂತ. ಅವರ ಮೋರಿಗಳೂ ತಿರುಗುವವರೆಗೆ ಏಳಲಿಲ್ಲ.

ಇಷ್ಟಾಗುವಾಗ ಮಗುವಿಗೆ ಎರಡು ವರ್ಷ ತುಂಬಿತ್ತು. ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ಅದು ಯಾವುದಕ್ಕೂ ತಿರುಗಿ ನೋಡುತ್ತಿರಲಿಲ್ಲ. ಆಗ ಅದಕ್ಕೆ ಜ್ವರ ಬಂತು. ಮೂರು ದಿನವಾದರೂ ಇಳಿಯಲಿಲ್ಲ. ವೈದ್ಯರು ಬಂದು ಔಷಧ ಕೊಟ್ಟು ಹೋದರು. ಬುಟ್ಟಿಯವಳ ಅತ್ತೆ ದೇವರ ಮುಂದೆ ನಿಂತು, "ಯಾರ ಹೆಸರಲ್ಲಿ ಹರಕೆ ಹೊತ್ಕೊಳ್ಳಲಿ? ಹೆಸರಿಲ್ಲದ ಕೂಸನ್ನ ದೇವರಾದ್ರೂ ಹೆಂಗೆ ಗುರುತು ಹಿಡೀತಾನೆ?" ಎಂದು ಅತ್ತಳು.

ಬುಟ್ಟಿಯವಳ ಹಟ ಅಲ್ಲಿಗೆ ಮುರಿಯಿತು. ತಾಯಿಯ ಹಟ ಮಗುವಿನ ಮೈ ಸುಡುವವರೆಗೆ ಮಾತ್ರ. ಅವಳು ನಾದಿನಿಯನ್ನು ಕರೆಸಿದಳು. ಚೊಂಬು ಹಿಡಿದು ತಾನೇ ಅಂಗಳಕ್ಕೆ ನೀರು ಚೆಲ್ಲಿದಳು. ಬಾಗಿಲಲ್ಲಿ ನಿಂತಿದ್ದ ಜನರನ್ನು ನೋಡಿ, "ಬನ್ನಿ. ಇಲ್ಲೇ ಹೇಳ್ಬಿಡ್ತೀನಿ" ಎಂದಳು.

ಎರಡು ವರ್ಷ ಕಾದ ಜನ. ಆದರೂ ಒಬ್ಬರೂ ಅಂಗಳಕ್ಕೆ ಕಾಲಿಡಲಿಲ್ಲ. ಕಮ್ಮಾರ ಮುದುಕ ತಿರುಗಿ ಹೊರಟುಹೋದ. ಅವಳಿಗೆ ತುಂಬ ಸಂಕಟವಾಯಿತು. ಸ್ವಲ್ಪ ಹೊತ್ತಿಗೆ ಅವನು ಮರಳಿ ಬಂದ. ಪಂಚೆ ಮೇಲಕ್ಕೆ ಕಟ್ಟಿದ್ದ, ಮೊಳಕಾಲಿನಿಂದ ನೀರು ಇಳಿಯುತ್ತಿತ್ತು. ಬಾಗಿಲಲ್ಲೇ ನಿಂತು ಕಾಲು ಮುಂದೆ ಚಾಚಿದ.

"ನೋಡವ್ವ. ಕೆಂಪಿಲ್ಲ, ನೀಲಿಯಿಲ್ಲ, ನಾತ ಇಲ್ಲ. ಒಂದಿಷ್ಟು ಕೆಸರು, ಅಷ್ಟೇ. ನಾನು ನಿಂತು ಬಂದಿದ್ದೀನಿ" ಎಂದ. ಆಮೇಲೆ ಅತ್ತೆಯ ಕಡೆ ತಿರುಗಿ, "ಹೊಳೇಲಿ ಹೆಸರಿಡಬೇಕಾದ ಮಗು ಅಂತ ಹರಕೆ ಹೊತ್ಕೊಳ್ಳವ್ವ. ಈ ಪೇಟೇಲಿ ಅಂಥ ಮಗು ಇರೋದು ಇದೊಂದೇ. ದೇವರಿಗೆ ಗುರುತು ಸಿಗುತ್ತೆ" ಎಂದ.

ಬುಟ್ಟಿಯವಳು ಬಾಗಿ ಆ ಮುದುಕನ ಒದ್ದೆ ಕಾಲನ್ನು ಕೈಯಿಂದ ಒರೆಸಿ ನೋಡಿದಳು. ಮೂಸಿಯೂ ನೋಡಿದಳು. ಚೊಂಬನ್ನು ಒಳಗೆ ಇಟ್ಟು ಬಂದಳು.

ಎರಡು ದಿನಕ್ಕೆ ಜ್ವರ ಬಿಟ್ಟಿತು. ಹರಕೆಯಿಂದಲೋ ಔಷಧದಿಂದಲೋ ನನಗೆ ಗೊತ್ತಿಲ್ಲ. ಮಗುವಿಗೆ ಚೆನ್ನಾಗಿ ಶಕ್ತಿ ಬರುವವರೆಗೆ ಒಂದು ತಿಂಗಳು ಕಾದರು. ಆಮೇಲೆ ದಿನ ನೋಡಿದರು.

ಅಂದು ಇಡೀ ಪೇಟೆ ಹೊರಟಿತು. ನಾಯಿಯ ಕಂಡಿಯಲ್ಲಿ ಅಷ್ಟು ಜನ ನುಸುಳುವುದು ಹೇಗೆ? ಕಮ್ಮಾರ ಮುದುಕ ಬೇಲಿಯನ್ನೇ ಕಿತ್ತು ಸುತ್ತಿಟ್ಟ. ಆ ಸುರುಳಿಯ ಮೇಲೆ ಆಮೇಲೆ ಯಾರೋ ಚಪ್ಪರದವರೆಯ ಬಳ್ಳಿ ಹಬ್ಬಿಸಿದರಂತೆ. ಹೆಸರು ಕೇಳುವವರೆಲ್ಲ ನೀರಿಗೆ ಇಳಿದರು. ಎತ್ತಿ ಹಿಡಿದ ಸೀರೆಗಳೂ ನೆನೆದವು. ಯಜಮಾನ ಜಾರಿ ಬಿದ್ದು ಎದ್ದ, ಎಲ್ಲರೂ ನಕ್ಕರು, ಅವನೂ ನಕ್ಕ. ಮಗುವನ್ನು ಮೂರು ಸಲ ಅದ್ದಿದರು. ಅದು ನಾಲ್ಕನೆಯ ಸಲ ತಾನೇ ಮುಳುಗಿ ಕೇಕೆ ಹಾಕಿತು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದಳು. ತಾಯಿ ಅದನ್ನು ಗಟ್ಟಿಯಾಗಿ ಹೇಳಿದಳು. ಮಗುವಿನ ಕೇಕೆಯಲ್ಲಿ ಕೇಳಿಸದೆ ಎರಡು ಸಲ ಹೇಳಬೇಕಾಯಿತು.

ಬಣ್ಣಗಾರ ಹಣೆ ಚಚ್ಚಿಕೊಂಡ. ಅವನು ಕೇಳಿದ ಇನ್ನೂರರಲ್ಲಿ ಅದು ಇರಲಿಲ್ಲ.

ಆಮೇಲೆ ಪೇಟೆಯಲ್ಲಿ ಹೊಸದೊಂದು ಗದ್ದಲ ಎದ್ದಿತು. ಅಂಗಳದಲ್ಲಿ ಹೆಸರಿಡಿಸಿಕೊಂಡವರೆಲ್ಲ, ನಮ್ಮ ಹೆಸರು ಸರಿಯಾಗಿ ಅಂಟಿಲ್ಲ, ಇನ್ನೊಮ್ಮೆ ಅದ್ದಿ ಎಂದು ಕೇಳತೊಡಗಿದರು. ಅವರಲ್ಲಿ ಮೀಸೆ ಬಂದವರಿದ್ದರು, ಬಸುರಿಯರಿದ್ದರು. ಪ್ರತಿ ವಾರವೂ ಯಾರಿಗೋ ಒಬ್ಬರಿಗೆ ಹೆಸರು, ಎಲ್ಲರಿಗೂ ಹೊಳೆ. ಹೊಳೆಯನ್ನು ಕಾಯುವವರು ಯಾರು ಎಂದು ಹೊರಗಿನವನೊಬ್ಬ ಬಂದು ಕೇಳಿದನಂತೆ. ಅವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹಿಂದಿನಿಂದ ಹೊಳೆಯಲ್ಲಿ ಯಾರೋ ನಗುವುದು ಕೇಳುತ್ತಿತ್ತು.

ಮರುಳಯ್ಯ ತಂತಿಯ ಸುರುಳಿಯನ್ನು ನೋಡಿದ. ಕೇಳಬೇಕೋ ಬೇಡವೋ ಎಂದು ತುಟಿ ಕಚ್ಚಿದ. ಕೊನೆಗೆ ತಡೆಯಲಾಗದೆ ಕೇಳಿಯೇ ಬಿಟ್ಟ.

"ಗುರುಗಳೇ, ಆ ಮಗುವಿನ ಹೆಸರೇನು?"

ಗುರುಗಳು ಅವನ ನೀರು ತಾಕದ ಒಣ ಕಾಲುಗಳನ್ನು ನೋಡಿದರು.

"ಅದನ್ನು ಜಗಲಿಯ ಮೇಲೆ ಹೇಳುವಂತಿಲ್ಲ, ಮರುಳಯ್ಯ."