ಬೀಗರು ಹೇಳಿದ ರಿಪೇರಿ

ಗದಗಿನ ಈರಬಸಪ್ಪನ ಹಳೆಯ ಕಾರಿನಲ್ಲಿ ಎಬಿಎಸ್ ದೀಪ ಹತ್ತಿಕೊಂಡಿತು. ಹತ್ತಿದ್ದು ಆರಲೇ ಇಲ್ಲ.

ಎಬಿಎಸ್ ಎಂದರೇನೆಂದು ತಿಳಿಯದವರಿಗೆ ಹೇಳಿಬಿಡುತ್ತೇನೆ. ಒಮ್ಮೆಲೇ ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಬಿಗಿದುಕೊಂಡು ಕಾರು ಜಾರಬಾರದು. ಅದಕ್ಕೆಂದೇ ಇರುವ ಏರ್ಪಾಡು ಅದು. ಪ್ರತಿ ಗಾಲಿಯ ಹತ್ತಿರವೂ ಒಂದು ಸೆನ್ಸರ್ ಇರುತ್ತದೆ. ಯಾವುದಾದರೂ ಗಾಲಿಯಿಂದ ಸರಿಯಾದ ಸುದ್ದಿ ಬಾರದಿದ್ದರೆ ದೀಪ ಹತ್ತುತ್ತದೆ. ಯಾವ ಗಾಲಿ ಎಂದು ಗ್ಯಾರೇಜಿನ ಸ್ಕ್ಯಾನರ್ ಹೇಳುತ್ತದೆ. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ.

ಈ ಪುಣ್ಯಾತ್ಮ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ!

ಅವನ ಮಗಳು ಗಂಗಾ ಚೊಚ್ಚಲ ಬಸುರಿ. ಅಣ್ಣಿಗೇರಿಯ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿ, ಅಂದೇ ಇದೇ ಕಾರಿನಲ್ಲಿ ಅವಳನ್ನು ತವರಿಗೆ ಕರೆತರಬೇಕಿತ್ತು. ಅದಕ್ಕೇ ಈರಬಸಪ್ಪ ದೀಪದ ವಿಷಯವನ್ನು ಬೀಗರಾದ ಮುರಿಗೆಪ್ಪನವರಿಗೆ ತಿಳಿಸಿದ.

"ಮುಂದಿನ ಬಲಗಾಲಿ ಸೆನ್ಸರ್ ಹೋಗಿರಬೇಕ್ರಿ" ಎಂದರು ಬೀಗರು.

ಸರಿ, ಆ ಸೆನ್ಸರ್ ಬದಲಾಯಿತು. ದೀಪ ಆರಲಿಲ್ಲ. ಆಮೇಲಿನ ಸರದಿ ಸೋದರಮಾವನದು. ಅವರು ಬ್ಯಾಟರಿ ಎಂದರು, ಬ್ಯಾಟರಿ ಬದಲಾಯಿತು. ಅಕ್ಕನ ಗಂಡ ವೈರಿಂಗ್ ಎಂದರು, ವೈರಿಂಗೂ ಹೊಸದಾಯಿತು. ನೆಂಟಸ್ತಿಕೆಯಲ್ಲಿ ಯಾರು ದೊಡ್ಡವರೋ ಅವರ ರಿಪೇರಿ ಮೊದಲು! ಗ್ಯಾರೇಜಿನ ಮೌಲಾಸಾಬನಾದರೂ ಬೇಡ ಎನ್ನಬಾರದಿತ್ತೇ? ಅವನೂ ಹೇಳಿದ್ದನ್ನೆಲ್ಲ ತುಟಿ ಪಿಟಕ್ ಎನ್ನದೆ ಮಾಡಿಕೊಟ್ಟ.

ಹೆಂಡತಿ ನೀಲವ್ವನಿಗೆ ತಲೆ ಕೆಟ್ಟುಹೋಯಿತು. "ಎಲ್ಲಿ ಕೆಟ್ಟೇತಿ ಅಂತ ಮೊದ್ಲ ನೋಡಿಸ್ರೀ. ಸ್ಕ್ಯಾನರ್ ಹಚ್ಚಾಕ ಏನ್ ಧಾಡಿ?"

"ಬೀಗರು ಹೇಳ್ಯಾರ. ಅವರ ಮಾತಿನ ಮ್ಯಾಲ ಪರೀಕ್ಷೆ ಮಾಡಿಸಿದ್ರ ಏನ್ ಅನ್ಕೋತಾರ?"

"ಬೀಗರು ಯಾರು, ಬಿಟ್ಟವರು ಯಾರು ಅಂತ ಕಾರಿಗೇನ್ ಗೊತ್ರೀ?"

ಈರಬಸಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಕುಬಸದ ದಿನ ಬಂತು. ಹೋಗುವಾಗ ಹಿಂದಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ರಸ್ತೆ ಸರಿಯಿಲ್ಲ ಎಂದ ಈರಬಸಪ್ಪ. ಆರತಿ, ಊಟ ಎಲ್ಲ ಚೆನ್ನಾಗಿ ಆಯಿತು. ಹಸಿರು ಸೀರೆಯುಟ್ಟ ಗಂಗಾ ಚೀಲ ಹಿಡಿದು ಕಾರಿನ ಹತ್ತಿರ ಬಂದಳು. ಮುರಿಗೆಪ್ಪನವರು ಬೀಳ್ಕೊಡಲು ಬಂದವರು ಒಳಗೆ ಬಗ್ಗಿ ನೋಡಿದರು.

"ಬೀಗರ, ದೀಪ ಇನ್ನೂ ಹತ್ತೇ ಐತಲ್ರೀ?"

"ಹೌದ್ರಿ. ನೀವು ಹೇಳಿದ್ದ ಸೆನ್ಸರ್ ಆಗಲೇ ಹಾಕ್ಸೀನಿ."

ಮುರಿಗೆಪ್ಪನವರು ಬೆಕ್ಕಸಬೆರಗಾದರು. "ಅಯ್ಯ! ನೀವು ಕೇಳಿದ್ರಿ ಅಂತ ಮಾತಿಗೆ ಒಂದು ಅಂದಿದ್ದೆ. ನನಗೇನ್ ಗೊತ್ರೀ ಕಾರಿಂದು? ಪರೀಕ್ಷೆ ಮಾಡ್ಸೀರಿ ಅನ್ಕೊಂಡಿದ್ನಿ. ಈ ಕಾರಿನ್ಯಾಗ ಬಸುರಿ ಹೆಣ್ಣಮಗಳನ್ನ ನಾ ಕಳಸಂಗಿಲ್ಲ."

ಗಂಗಾ ಅವ್ವನ ಮುಖ ನೋಡಿದಳು. ಕಣ್ಣು ತುಂಬಿತ್ತು. ಚೀಲ ಹಿಡಿದುಕೊಂಡೇ ಮತ್ತೆ ಮನೆಯೊಳಗೆ ಹೋದಳು.

ಗಂಡ ಹೆಂಡತಿ ಇಬ್ಬರೇ ನಿಧಾನಕ್ಕೆ ಊರು ಸೇರಿದರು. ಕಾರು ಮನೆಗೆ ಹೋಗಲಿಲ್ಲ, ನೇರವಾಗಿ ಗ್ಯಾರೇಜಿಗೆ ಹೋಯಿತು. ಮೌಲಾಸಾಬ ಕಡೆಗೂ ಸ್ಕ್ಯಾನರ್ ಜೋಡಿಸಿದ. ಹಿಂದಿನ ಎಡಗಾಲಿ ಎಂದು ತೋರಿಸಿತು. ಜಾಕ್ ಹಚ್ಚಿ ಗಾಲಿ ಎತ್ತಿ ಅಲುಗಿಸಿದ. ಗಾಲಿ ಗಡಗಡ ಎಂದಿತು. ಸೆನ್ಸರಿಗೆ ಏನೂ ಆಗಿರಲಿಲ್ಲ. ಬೇರಿಂಗ್ ಸವೆದು ಗಾಲಿಯೇ ಸಡಿಲವಾಗಿತ್ತು, ಅದು ಓಲಾಡಿದ್ದಕ್ಕೆ ಸುದ್ದಿ ತಪ್ಪಾಗಿ ಹೋಗುತ್ತಿತ್ತು.

"ಇನ್ನೊಂದು ಸ್ವಲ್ಪ ಓಡಿಸಿದ್ರ ಗಾಲಿನ ಕಿತ್ಕೊಂಡು ಹೋಗ್ತಿತ್ರೀ" ಎಂದ ಮೌಲಾಸಾಬ.

ಈರಬಸಪ್ಪ ಅಲ್ಲೇ ಕುಳಿತ. "ಬೀಗರಿಗೆ ಬ್ಯಾಸರ ಆಗಬಾರದು ಅಂತ..." ಎಂದು ಏನೋ ಹೇಳಹೋದ.

"ಬೀಗರಿಗೇನೂ ಬ್ಯಾಸರ ಆಗ್ಲಿಲ್ರಿ" ಎಂದಳು ನೀಲವ್ವ. "ನಮ್ಮ ಮಗಳ ಜೀವಾ ಉಳಿಸಿದ್ದು ಅವರು. ಅಪ್ಪ ಆದವರು ನೀವು ಮಾಡೋ ಕೆಲಸ ಅವರು ಮಾಡಿದ್ರು."

ಈರಬಸಪ್ಪ ಎದ್ದು, ಹೊಸ ಬೇರಿಂಗ್ ಹಾಕಲು ಮೌಲಾಸಾಬನಿಗೆ ಹೇಳಿದ.

ನೀತಿ: ಹೇಳಿದವರು ಯಾರು ಎಂದು ನೋಡಿ ರಿಪೇರಿ ಮಾಡಿಸಬೇಡಿ, ಕೆಟ್ಟಿದ್ದು ಯಾವುದು ಎಂದು ನೋಡಿ ಮಾಡಿಸಿ. ಹಿರಿಯರಿಗೆ ಮರ್ಯಾದೆ ಕೊಡಲು ಶಾಲು ಇದೆ, ತೆಂಗಿನಕಾಯಿ ಇದೆ. ಬ್ರೇಕಿನ ವಿಷಯದಲ್ಲಿ ಕೊಡಬೇಡಿ.